ವಿಮಾನದ ಕಿಟಕಿಯಲ್ಲಿ ಸಂಕಷ್ಟಿಯ ಚಂದ್ರ

ಆ ಗುರುವಾರ ಮಧ್ಯಾಹ್ನ ಠಾಣೆಯ ಎದುರು ಬಂದು ನಿಂತ ಸಮಸ್ಯೆ ಎಷ್ಟು ಗಂಭೀರವಾದದ್ದು ಎಂಬುದನ್ನು ಓದುಗರು ಮೊದಲು ಮನಗಾಣಬೇಕು. ತಟ್ಟೆಯಲ್ಲಿ ಪಳಂಪೊರಿ ಮೂರಿದ್ದವು. ಮೇಜಿನ ಸುತ್ತ ಜನ ನಾಲ್ವರಿದ್ದರು.

ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಹಿಟ್ಟಿನಲ್ಲಿ ಅದ್ದಿ ಕರಿದ, ಅಂಗೈಯುದ್ದದ ಮೂರು ಪಳಂಪೊರಿ. ಇವುಗಳ ಹಂಚಿಕೆಯ ಮೇಲೆ ಒಬ್ಬ ಹುಡುಗಿಯ ಬಿಡುಗಡೆ ನಿಂತಿದೆ ಎಂದು ಆಗ ಯಾರಾದರೂ ಹೇಳಿದ್ದರೆ, ವಕೀಲೆ ಚಂದ್ರಾವತಿಯೇ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

"ಬಿಸಿ ಆರುವ ಮೊದಲು ತೆಗೊಳ್ಳಿ ಅಕ್ಕ," ಎಂದ ಇನ್‌ಸ್ಪೆಕ್ಟರ್ ಶ್ರೀನಿಧಿ. "ನಮ್ಮೂರಿನ ಪೋಡಿಯೇ. ಇಲ್ಲಿ ಹೆಸರು ಮಾತ್ರ ಬೇರೆ."

ಶ್ರೀನಿಧಿ, ಅವಳ ಹಾಗೆಯೇ, ಕಾಸರಗೋಡು ಜಿಲ್ಲೆಯವನು; ಕುಂಬಳೆ ಕಡೆ. ಪೇದೆಗಳಿದ್ದರೆ ಅವಳನ್ನು 'ಮೇಡಂ' ಎನ್ನುತ್ತಿದ್ದ, ಬಾಗಿಲು ಮುಚ್ಚಿದರೆ 'ಅಕ್ಕ'. ತಿರುವನಂತಪುರದಲ್ಲಿ ಕನ್ನಡ ಬಲ್ಲ ಇನ್‌ಸ್ಪೆಕ್ಟರ್ ಒಬ್ಬ ಸಿಕ್ಕಿದನಲ್ಲ ಎಂದು ಬೆಳಗ್ಗೆ ಎರ್ನಾಕುಲಂನಲ್ಲಿ ರೈಲು ಹತ್ತುವಾಗ ಅವಳಿಗೆ ದೊಡ್ಡ ಸಮಾಧಾನವಾಗಿತ್ತು. ಕನ್ನಡದಲ್ಲಿ ಹೇಳಿದರೂ ಅವನು ಒಪ್ಪುವವನಲ್ಲ ಎಂದು ತಿಳಿಯಲು ಅರ್ಧ ದಿನ ಬೇಕಾಯಿತು.

ಅವಳ ಕಕ್ಷಿದಾರಳು ಆಯೇಷಾ ಗೋಡೆಯಾಚೆಯ ಕೋಣೆಯಲ್ಲಿದ್ದಳು. ಪುತ್ತೂರಿನ ಹುಡುಗಿ, ಕೆಲಸ ಐಟಿ ಪಾರ್ಕಿನಲ್ಲಿ, ವಾಸ ಕಡಲತಡಿಯ ತುಂಬ ಎಂಬ ಊರಿನ ಒಂದು ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಮಂಗಳವಾರ ರಾತ್ರಿ ಆ ಮನೆಯ ಯಜಮಾನ, ನಿವೃತ್ತ ಎಂಜಿನಿಯರ್ ದಿನಕರ, ತಾರಸಿಗೆ ಹೋಗುವ ಹೊರಮೆಟ್ಟಿಲಿನ ಬುಡದಲ್ಲಿ ತಲೆ ಒಡೆದು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ. ಆ ಹೊತ್ತಿಗೆ ಮನೆಯಲ್ಲಿದ್ದವಳು ಆಯೇಷಾ ಒಬ್ಬಳೇ. ಹಿಂದಿನ ದಿನ ನೀರಿನ ಪಂಪು ಹಾಕುವ ವಿಷಯಕ್ಕೆ ಯಜಮಾನರ ಜೊತೆ ಜಗಳವಾಡಿದ್ದಳು. ಅಕ್ಕಪಕ್ಕದ ನಾಲ್ಕು ಮನೆಗೆ ಕೇಳಿಸಿತ್ತು.

"ಪಂಪಿಗೋಸ್ಕರ ಯಾರಾದರೂ ಮನುಷ್ಯನನ್ನು ತಳ್ಳುತ್ತಾರಾ?" ಎಂದು ಚಂದ್ರಾವತಿ ಬೆಳಗ್ಗೆಯೇ ಕೇಳಿದ್ದಳು.

"ಎರ್ನಾಕುಲಂನಲ್ಲಿ ನಿಮಗೆ ನೀರಿಗೆ ತೊಂದರೆ ಇಲ್ಲ ಕಾಣ್ತದೆ," ಎಂದಿದ್ದ ಶ್ರೀನಿಧಿ.

ಐದು ಗಂಟೆಗೆ ಆಯೇಷಾಳನ್ನು ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಆಮೇಲೆ ಜೈಲು. ಠಾಣೆಯ ಹೊರಗೆ ಬಾದಾಮಿ ಮರದ ಕೆಳಗಿನ ಬೆಂಚಿನಲ್ಲಿ ಅವಳ ತಾಯಿ ಜುಬೈದಾ ಒಂದು ಫ್ಲಾಸ್ಕನ್ನು ಮಡಿಲಲ್ಲಿಟ್ಟು ಕೂತಿದ್ದಳು. ಊರ ನಡುವಿನ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು ನೇರ ಬಂದವಳು. ಮಗಳಿಗೆಂದು ತಂದ ಚಹಾ ಒಳಗೆ ಹೋಗಿರಲಿಲ್ಲ, ಅವಳೂ ಕುಡಿದಿರಲಿಲ್ಲ.

ಈಗ ಗಂಟೆ ಮೂರೂ ಮುಕ್ಕಾಲು.

ಮೇಜಿನ ಆಚೆ ಬದಿಯಲ್ಲಿ ಇನ್ನಿಬ್ಬರು. ಒಬ್ಬರು ದಿನಕರರ ಹೆಂಡತಿ ವೇದವತಿ. ಹತ್ತಿ ಸೀರೆ, ನೆಟ್ಟಗಿನ ಬೆನ್ನು, ಅತ್ತು ಮುಗಿಸಿ ಮುಖ ತೊಳೆದುಕೊಂಡ ಕಣ್ಣು. ಮತ್ತೊಬ್ಬ ದಿನಕರರ ಅಕ್ಕನ ಮಗ ಮಹಾಲಿಂಗ. ಲಂಡನ್ನಿನ ಯಾವುದೋ ಪ್ರಯೋಗಾಲಯದಲ್ಲಿ ಕೆಲಸ. ನಲವತ್ತೈದರ ಆಸುಪಾಸು, ಹಣೆಯಲ್ಲಿ ಗಂಧ, ಕೈಯಲ್ಲಿ ದಪ್ಪನೆಯ ವಾಚು. ಇಬ್ಬರೂ ಹೇಳಿಕೆಗೆ ಸಹಿ ಹಾಕಲು ಬಂದವರು.

"ಇವರನ್ನು ಎಂತ ಕೇಳಬೇಕು ಕೇಳಿ ಅಕ್ಕ, ಐದು ನಿಮಿಷ," ಎಂದ ಶ್ರೀನಿಧಿ. "ಆದರೆ ಇವರ ಮೇಲೆ ಸಂಶಯ ಪಟ್ಟು ಪ್ರಯೋಜನ ಇಲ್ಲ. ಮಂಗಳವಾರ ರಾತ್ರಿ ಇವರು ವಿಮಾನದಲ್ಲಿ, ಈ ಅಮ್ಮ ಎರ್ನಾಕುಲಂನಲ್ಲಿ. ಬುಧವಾರ ಬೆಳಗ್ಗೆ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಹೋಗಿ ಇವರನ್ನು ಕರಕೊಂಡದ್ದೂ ಈ ಅಮ್ಮನೇ."

"ಪಾಸ್‌ಪೋರ್ಟ್ ನೋಡಿದಿಯಾ?"

"ಎರ್ನಾಕುಲಂನಲ್ಲಿ ಬಿಟ್ಟ ಬ್ಯಾಗಿನಲ್ಲಿ ಉಂಟಂತೆ. ನಾಳೆ ತರಿಸುತ್ತೇನೆ. ಟಿಕೆಟ್ ಉಂಟಲ್ಲ."

ಅವನು ಟಿಕೆಟಿನ ಪ್ರತಿಯನ್ನು ಮುಂದೆ ಸರಿಸಿದ. ಅದು ಸಾಲದು ಎಂಬಂತೆ ಫೋನನ್ನೂ ತೆಗೆದು ಮೇಜಿನ ಮೇಲಿಟ್ಟ. ಪ್ರಪಂಚದ ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಹೊತ್ತನ್ನೂ ಹೇಳುವ ಒಂದು ಪುಟ. ಮಧ್ಯೆ ಮಧ್ಯೆ ಹೋಟೆಲುಗಳ ಜಾಹೀರಾತು.

"ಲಂಡನ್ನಿನಿಂದ ಕೊಚ್ಚಿಗೆ ಎಂಟು ಸಾವಿರ ಕಿಲೋಮೀಟರಿನ ಮೇಲೆ," ಎಂದು ಅವನು ತೀರ್ಪು ಓದುವಂತೆ ಓದಿದ. "ಹಾರಲು ಹತ್ತು ಗಂಟೆ. ಅಲ್ಲಿಯ ಮಧ್ಯಾಹ್ನ ಮೂರಕ್ಕೆ ಹೊರಟು ನಮ್ಮ ಬೆಳಗ್ಗೆ ಆರೂವರೆಗೆ ಇಳಿಯುವುದು. ಅಷ್ಟರೊಳಗೆ ತುಂಬಕ್ಕೆ ಬಂದು ಮಾವನನ್ನು ತಳ್ಳಿ ವಾಪಸ್ ವಿಮಾನಕ್ಕೆ ಹೋಗಿ ಕೂರಲಿಕ್ಕೆ ಆಗುದಿಲ್ಲ ಅಕ್ಕ. ನಾನು ಲೆಕ್ಕ ಹಾಕಿ ನೋಡಿದೆ."

ಲೆಕ್ಕ ಹಾಕಿದ್ದಾನಂತೆ. ಚಂದ್ರಾವತಿಗೆ ನಗು ಬಂತು; ಆದರೆ ಎದೆಯೊಳಗೆ ಗಡಿಯಾರ ಹೊಡೆದುಕೊಳ್ಳುತ್ತಿತ್ತು.

"ನಾನು ಹೇಳಿದ ಗರಿಕೆ?" ಎಂದಳು.

ಬೆಳಗ್ಗೆ ತುಂಬದ ಮನೆಯ ತಾರಸಿಗೆ ಅವಳೇ ಹತ್ತಿ ನೋಡಿ ಬಂದಿದ್ದಳು. ಪೂರ್ವ ಬದಿಯ ಕಟ್ಟೆಯ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಒಂದು ಚಿಕ್ಕ ಗರಿಕೆಯ ಕಟ್ಟು, ಸುರುಟಿಹೋದ ಕೆಂಪು ದಾಸವಾಳ, ನೀರು ಚೆಲ್ಲಿ ಒಣಗಿದ ಕಲೆ. ಶ್ರೀನಿಧಿಯ ಪೇದೆ ಅದನ್ನು 'ಕಸ' ಎಂದು ಬರೆದುಕೊಂಡಿದ್ದ.

"ಗಾಳಿಗೆ ಬಂದದ್ದು."

"ತುಂಬದ ಗಾಳಿ ಗರಿಕೆಯನ್ನು ಕಟ್ಟು ಕಟ್ಟಿ ತರ್ತದಾ?"

"ಅದು ನಾನು ಇಟ್ಟದ್ದು," ಎಂದರು ವೇದವತಿ, ಮೆತ್ತಗೆ. "ಸೋಮವಾರ, ಎರ್ನಾಕುಲಂಗೆ ಹೊರಡುವ ಮೊದಲು. ಪೂಜೆಯ ಹೂ ತುಳಿಯುವಲ್ಲಿ ಬೀಳಬಾರದು ಅಂತ ಮೇಲೆ ಇಟ್ಟೆ. ನಮ್ಮ ಯಜಮಾನರಿಗೆ ದೇವರು ದಿಂಡರು ಆಗುದಿಲ್ಲ. ಕಂಡರೆ ಮಾತಾಡ್ತಾರೆ."

ಒಪ್ಪಬಹುದಾದ ಉತ್ತರವೇ. ಚಂದ್ರಾವತಿಗೆ ಹಿಡಿಯಲು ಏನೂ ಸಿಗಲಿಲ್ಲ. ಐದು ನಿಮಿಷದಲ್ಲಿ ಎರಡು ಆಗಲೇ ಮುಗಿದಿತ್ತು.

ಆಗ ಪಳಂಪೊರಿಯ ಪ್ರಶ್ನೆ ಮತ್ತೆ ತಲೆಯೆತ್ತಿತು.

ಶ್ರೀನಿಧಿ ತಟ್ಟೆಯನ್ನು ಮಹಾಲಿಂಗನ ಕಡೆ ತಳ್ಳಿದ. ಅತಿಥಿ, ದೂರದಿಂದ ಬಂದವನು, ಮಾವ ಆಸ್ಪತ್ರೆಯಲ್ಲಿದ್ದಾರೆ. ತಾನು ತ್ಯಾಗ ಮಾಡಲು ಸಿದ್ಧ ಎಂಬ ಭಾವ ಇನ್‌ಸ್ಪೆಕ್ಟರನ ಮುಖದಲ್ಲಿತ್ತು. ಕಣ್ಣು ಮಾತ್ರ ತಟ್ಟೆಯನ್ನು ಬಿಟ್ಟಿರಲಿಲ್ಲ.

"ಬೇಡ ಸರ್," ಎಂದ ಮಹಾಲಿಂಗ. "ಹೊರಗಿನದ್ದು ನಾನು ತಿನ್ನುದಿಲ್ಲ."

"ಓ! ಹಾಗಾದರೆ ಸರಿ." ಇನ್‌ಸ್ಪೆಕ್ಟರನಿಗೆ ಇಷ್ಟು ಬೇಗ ಯಾವ ಪ್ರಕರಣವೂ ಇತ್ಯರ್ಥವಾಗಿರಲಿಲ್ಲ. ಒಂದನ್ನು ಎತ್ತಿಕೊಂಡ. "ವಿಮಾನದಲ್ಲಿ ಎಂತ ಮಾಡ್ತೀರಿ ಮತ್ತೆ? ಹತ್ತು ಗಂಟೆ ಉಪವಾಸವಾ?"

"ನಮ್ಮದೇ ಅವಲಕ್ಕಿ ಇಟ್ಟುಕೊಳ್ಳುದು. ಮೊನ್ನೆ ಅದನ್ನೂ ಚಂದ್ರ ನೋಡಿದ ಮೇಲೆಯೇ ತಿಂದದ್ದು. ಸಂಕಷ್ಟಿ ಅಲ್ವಾ. ಅದರಲ್ಲೂ ಮಂಗಳವಾರದ್ದು, ಅಂಗಾರಕ ಸಂಕಷ್ಟಿ."

ಚಂದ್ರಾವತಿಯ ಕೈ ಚಹಾದ ಗ್ಲಾಸಿನ ಮೇಲೆ ಹಾಗೆಯೇ ನಿಂತಿತು.

ಸಂಕಷ್ಟಿ. ಮಂಗಳವಾರ ಸಂಕಷ್ಟಿ! ವ್ರತ ಬಿಟ್ಟು ಎಷ್ಟೋ ಕಾಲವಾಗಿದ್ದರಿಂದ ಅವಳಿಗೆ ಅದು ಹೊಳೆದೇ ಇರಲಿಲ್ಲ. ಸಂಕಷ್ಟಿಯ ರಾತ್ರಿ ಚಂದ್ರ ಮೂಡಿದ ಮೇಲೆ ಅವನ ಕಡೆ ಮುಖ ಮಾಡಿ ನಿಂತು ನೀರು ಬಿಡುತ್ತಾರೆ. ಅರ್ಘ್ಯ. ಗರಿಕೆ, ಕೆಂಪು ಹೂ, ನೀರು. ಪೂರ್ವಕ್ಕೆ.

ಗೋಡೆಯಾಚೆ ಒಂದು ಕುರ್ಚಿ ಸರಿದ ಸದ್ದಾಯಿತು. ಆಯೇಷಾಳನ್ನು ಏಳಿಸುತ್ತಿದ್ದಾರೇನೋ. ಇನ್ನು ಹೊತ್ತಿಲ್ಲ. ಆದರೂ ಅವಳು ಅವಸರ ಮಾಡಲಿಲ್ಲ. ಒಂದು ಪಳಂಪೊರಿ ಎತ್ತಿ, ತುದಿ ಮುರಿದು, ಊರಿನ ಸುದ್ದಿ ಕೇಳುವವಳ ಹಾಗೆ ಮಾತಿಗಿಳಿದಳು.

"ವಿಮಾನದಲ್ಲಿಯೂ ಸಂಕಷ್ಟಿ ಬಿಡ್ಲಿಲ್ವಾ ಮಾರಾಯ್ರೆ! ನಿಮ್ಮಂಥವರು ಈಗ ಎಲ್ಲಿದ್ದಾರೆ?"

ಮಹಾಲಿಂಗನ ಮುಖ ಅರಳಿತು. ಬೆಳಗ್ಗಿನಿಂದ ಯಾರೂ ಅವನನ್ನು ಹೊಗಳಿರಲಿಲ್ಲ.

"ಇಪ್ಪತ್ತು ವರ್ಷದಿಂದ ಒಂದೂ ತಪ್ಪಿಲ್ಲ. ಅಮ್ಮನಿಗೆ ಹುಷಾರಿಲ್ಲದೆ ಆದಾಗ ಹೇಳಿಕೊಂಡದ್ದು. ಅಮ್ಮ ಇವತ್ತಿಗೂ ಗಟ್ಟಿ ಇದ್ದಾರೆ."

"ವಿಮಾನದಲ್ಲಿ ಚಂದ್ರ ಕಾಣ್ತದಾ? ನನಗೆ ಸೀಟು ಸಿಗುದೇ ರೆಕ್ಕೆಯ ಮೇಲೆ."

"ನಾನು ಕೇಳಿಯೇ ಕಿಟಕಿ ತೆಗೊಂಡದ್ದು. ಚೆಂದ ಕಂಡಿತು. ಕೈಮುಗಿದು, ಎರಡು ಚಮಚ ನೀರು ಗ್ಲಾಸಿಗೆ ಬಿಟ್ಟು, ಆಮೇಲೆ ಅವಲಕ್ಕಿ."

"ಮೋಡ ಇರಲಿಲ್ಲ?"

"ಎಲ್ಲಿಯ ಮೋಡ? ಸರಿಯಾಗಿ ಒಂಬತ್ತು ಹತ್ತಕ್ಕೆ ಎದ್ದಿತು. ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ."

"ಒಂಬತ್ತು ಹತ್ತು," ಎಂದಳು ಚಂದ್ರಾವತಿ ಮೆಚ್ಚುಗೆಯಿಂದ. "ಅದು ಲಂಡನ್ನಿನ ಗಂಟೆಯಾ, ನಮ್ಮದಾ?"

"ನಮ್ಮದೇ. ವ್ರತ ಹಿಡಿದವರು ಊರಿನ ಗಂಟೆ ಬಿಡಬಾರದು ಅಂತ ಅಮ್ಮ ಹೇಳುದು. ಸೀಟಿನಲ್ಲಿ ಕೂತ ಕೂಡಲೇ ವಾಚು ತಿರುಗಿಸಿದೆ." ಅವನು ಆ ದಪ್ಪ ವಾಚನ್ನು ಸಾಕ್ಷಿಯ ಹಾಗೆ ತೋರಿಸಿದ. "ಅವರ ಊಟದ ಗಾಡಿ ಸಹ ಬಂದಿರಲಿಲ್ಲ ಆಗ."

"ಕಣ್ಣಾರೆ ನೋಡಿದಿರಿ."

"ನೋಡದೆ ತಿಂತೇನಾ? ಎಂತ ಮಾತು ಅಕ್ಕ!"

"ಛೆ ಛೆ, ತಪ್ಪು ತಿಳ್ಕೊಬೇಡಿ." ಅವಳು ಕೈ ಒರೆಸಿಕೊಂಡಳು. "ಶ್ರೀನಿಧಿ, ಆ ನಿನ್ನ ಫೋನು ಇಲ್ಲಿ ಕೊಡು. ಇಲ್ಲ, ನೀನೇ ನೋಡಿ ಹೇಳು. ನಮಗೆ ರಾತ್ರಿ ಒಂಬತ್ತು ಹತ್ತು ಅಂದರೆ ಲಂಡನ್ನಿನಲ್ಲಿ ಎಷ್ಟು?"

ಶ್ರೀನಿಧಿ ಬಾಯಲ್ಲಿದ್ದುದನ್ನು ನುಂಗಿದ. "ಐದೂವರೆ ಗಂಟೆ ಹಿಂದೆ. ಮಧ್ಯಾಹ್ನ... ಮೂರೂ ನಲವತ್ತು."

"ವಿಮಾನ ಹೊರಟದ್ದು?"

"ಮೂರಕ್ಕೆ."

"ಹತ್ತು ಗಂಟೆಯ ದಾರಿಯಲ್ಲಿ ಮುಕ್ಕಾಲು ಗಂಟೆಯೂ ಆಗಲಿಲ್ಲ. ಎಂಟು ಸಾವಿರ ಕಿಲೋಮೀಟರಿನಲ್ಲಿ ಎಷ್ಟು ದೂರ ಬಂದಿರಬಹುದು?"

"ಐನೂರು... ಆರುನೂರು." ಅವನು ಪುಟದ ಮೇಲಿನ ಭೂಪಟವನ್ನು ಬೆರಳಿನಿಂದ ಹಿಗ್ಗಿಸಿದ. "ಜರ್ಮನಿ ಮುಟ್ಟಿರ್ತದೆ ಅಷ್ಟೆ."

"ಜರ್ಮನಿಯಲ್ಲಿ ಆಗ ಗಂಟೆ ಎಷ್ಟು?"

"ಸಂಜೆ ನಾಲ್ಕೂ ನಲವತ್ತು."

"ಬಿಸಿಲು."

"ಬಿಸಿಲು," ಎಂದ ಶ್ರೀನಿಧಿ. ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕೈಯಲ್ಲಿದ್ದ ಅರ್ಧ ಪಳಂಪೊರಿ ನಿಧಾನವಾಗಿ ತಟ್ಟೆಗಿಳಿಯಿತು.



"ಚಂದ್ರ ಹಗಲಲ್ಲಿಯೂ ಕಾಣ್ತದಲ್ಲ," ಎಂದ ಮಹಾಲಿಂಗ. ದನಿ ಒಂದು ಮೆಟ್ಟಿಲು ಇಳಿದಿತ್ತು.

"ಕೆಲವು ದಿನ ಕಾಣ್ತದೆ. ಸಂಕಷ್ಟಿಯ ದಿನ ಸಂಜೆ ಕಾಣುದಿಲ್ಲ. ಸೂರ್ಯ ಮುಳುಗಿ ಎರಡು ಮೂರು ಗಂಟೆ ಕಳೆದು ಮೂಡುವವನು ಅವನು. ಅದಕ್ಕೇ ಅಲ್ವಾ ಹೊಟ್ಟೆ ತಾಳ ಹಾಕುದು?" ಚಂದ್ರಾವತಿಗೆ ಈಗ ಮಾತು ತಾನಾಗಿ ಬರುತ್ತಿತ್ತು. "ನನ್ನ ಅಕ್ಕ ದುಬೈಯಲ್ಲಿ ಇರುವುದು. ನಾನು ವ್ರತ ಮಾಡುವ ಕಾಲದಲ್ಲಿ ಪ್ರತಿ ಸಂಕಷ್ಟಿಗೂ ಫೋನು ಮಾಡಿ ಬೈಯ್ತಿದ್ದಳು. 'ನಿಂದು ಊಟ ಆಯ್ತಾ? ನನಗೆ ಇನ್ನೂ ಒಂದೂವರೆ ಗಂಟೆ ಉಂಟು, ಇಲ್ಲಿ ಚಂದ್ರನೇ ಬರಲಿಲ್ಲ' ಅಂತ. ದುಬೈಗೇ ಒಂದೂವರೆ ಗಂಟೆ ತಡ ಆದರೆ ಲಂಡನ್ನಿನ ದಾರಿಯಲ್ಲಿ ಎಷ್ಟು ಆಗಬೇಕು? ನಿಮ್ಮ ವಿಮಾನ ಪೂರ್ವಕ್ಕೆ ಎಷ್ಟೇ ಓಡಿ ಬರಲಿ ಮಹಾಲಿಂಗರೇ, ನಿಮಗೆ ಚಂದ್ರ ಕಾಣುವಾಗ ನಮ್ಮ ವಾಚಿನಲ್ಲಿ ಮಧ್ಯರಾತ್ರಿ ಹತ್ತಿರ ಆಗಿರಬೇಕು. ಒಂಬತ್ತು ಹತ್ತರ ಚಂದ್ರ ಈ ಊರಿನ ಚಂದ್ರ."

ಮಹಾಲಿಂಗ ವಾಚಿನ ಕಡೆ ನೋಡಿದ. ವಾಚು ಅವನಿಗೆ ಏನೂ ಸಹಾಯ ಮಾಡಲಿಲ್ಲ.

"ಇವನು ಕ್ಯಾಲೆಂಡರ್ ನೋಡಿ ಹೇಳಿದ್ದು," ಎಂದರು ವೇದವತಿ ತಟ್ಟನೆ. "ಆ ಗಂಟೆಗೆ ಕೈಮುಗಿದಿರಬೇಕು ಅಷ್ಟೆ. ಅಲ್ಲವಾ ಮಗಾ?"

ಬುದ್ಧಿವಂತ ಹೆಂಗಸು. ಚಂದ್ರಾವತಿ ಮನಸ್ಸಿನಲ್ಲಿಯೇ ಮೆಚ್ಚಿದಳು. ಆ ಒಂದು ಬಾಗಿಲಿನಿಂದ ಇಡೀ ಮೆರವಣಿಗೆ ಹೊರಗೆ ಹೋಗಬಹುದಿತ್ತು. ಅದಕ್ಕೇ ಅವಳು ಅದನ್ನು ಪೂರ್ತಿ ತೆರೆದೇ ಇಟ್ಟಳು.

"ಹೌದು, ಅದೊಂದು ದಾರಿ ಉಂಟು. ಒಂದೇ ವಾಕ್ಯ ಹೇಳಿ ಮಹಾಲಿಂಗರೇ. 'ಅಂಗಾರಕ ಸಂಕಷ್ಟಿಯ ದಿನ ನಾನು ಚಂದ್ರನನ್ನು ನೋಡಲಿಲ್ಲ, ನೋಡದೆ ತಿಂದೆ.' ಇನ್‌ಸ್ಪೆಕ್ಟರ್ ಬರೆದುಕೊಳ್ತಾರೆ, ನೀವು ಸಹಿ ಹಾಕ್ತೀರಿ, ನಾನು ಎದ್ದು ಹೋಗ್ತೇನೆ."

ಶ್ರೀನಿಧಿ ಪೆನ್ನು ತೆಗೆದ.

ಮಹಾಲಿಂಗ ಆ ಪೆನ್ನನ್ನೇ ನೋಡಿದ. ಗಂಧದ ಬೊಟ್ಟಿನ ಪಕ್ಕದಲ್ಲಿ ಒಂದು ಬೆವರ ಹನಿ ಇಳಿಯತೊಡಗಿತು. ಎರಡು ದಿನದಿಂದ ಅವನು ವಿಮಾನದ ಬಗ್ಗೆ, ಟಿಕೆಟಿನ ಬಗ್ಗೆ, ಸೀಟಿನ ಬಗ್ಗೆ ಲೀಲಾಜಾಲವಾಗಿ ಸುಳ್ಳು ಹೇಳಿದ್ದ. ನಾಲಿಗೆ ಎಲ್ಲಿಯೂ ತಡವರಿಸಿರಲಿಲ್ಲ. ಈಗ ಬೇಕಾಗಿದ್ದದ್ದು ಇನ್ನೊಂದೇ ಒಂದು ಸುಳ್ಳು, ಅದೂ ಎಲ್ಲಕ್ಕಿಂತ ಚಿಕ್ಕದು.

"ಹೇಳು ಮಗಾ," ಎಂದರು ವೇದವತಿ. "ಹೇಳಿಬಿಡು."

"ಆಗುದಿಲ್ಲ ಅತ್ತೆ."

"ಮಾತು ಅಷ್ಟೆ ಅದು."

"ಅಮ್ಮನ ಹೆಸರಿನಲ್ಲಿ ಹಿಡಿದದ್ದು ಅತ್ತೆ. ನೋಡಲಿಲ್ಲ ಅಂತ ಬಾಯಿಯಲ್ಲಿ ಹೇಳಿದರೆ..." ಅವನು ವಾಚಿನ ಮೇಲೆ ಕೈಯಿಟ್ಟ. "ನಾನು ನೋಡಿದ್ದೇನೆ. ನೋಡಿಯೇ ತಿಂದದ್ದು."

"ಎಲ್ಲಿಂದ ನೋಡಿದಿರಿ?" ಚಂದ್ರಾವತಿಯ ದನಿ ಅವಳಿಗೇ ಕೇಳಿಸದಷ್ಟು ಮೆತ್ತಗಿತ್ತು.

"ತಾರಸಿಯಿಂದ," ಎಂದ ಮಹಾಲಿಂಗ. "ತುಂಬದಲ್ಲಿ."

ಶ್ರೀನಿಧಿಯ ಪೆನ್ನು ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

ಆಮೇಲೆ ಎಲ್ಲವೂ ಒಟ್ಟಿಗೆ ಹೊರಬಂತು, ಮುಚ್ಚಳ ಬಿಚ್ಚಿದ ಸೋಡಾದ ಹಾಗೆ. ಅವನು ಬಂದದ್ದು ಮಂಗಳವಾರ ಹೊರಟ ವಿಮಾನದಲ್ಲಲ್ಲ, ಅದಕ್ಕಿಂತ ಹಿಂದಿನದರಲ್ಲಿ. ಭಾನುವಾರವೇ ಕೊಚ್ಚಿಯಲ್ಲಿ ಇಳಿದಿದ್ದ. ಟಿಕೆಟಿನ ದಿನ ಬದಲಿಸಿ, ಹಳೆಯ ಪ್ರತಿಯನ್ನು ಮಾತ್ರ ಎಲ್ಲರಿಗೂ ತೋರಿಸಿದ್ದ. ತಂಪಾನೂರಿನ ಲಾಡ್ಜಿನಲ್ಲಿ ಎರಡು ದಿನ ಅಡಗಿದ್ದ. ವೇದವತಿ ಎರ್ನಾಕುಲಂಗೆಂದು ಹೇಳಿ ಹೊರಟವರು ತಂಪಾನೂರನ್ನು ದಾಟಿಯೇ ಇರಲಿಲ್ಲ.

"ಯಾಕೆ?" ಎಂದ ಶ್ರೀನಿಧಿ. ಅವನ ಕಣ್ಣೆದುರು ಒಂದು ದೊಡ್ಡ ಪಿತೂರಿ ಬಿಚ್ಚಿಕೊಳ್ಳುತ್ತಿತ್ತು. "ಎಂತಕ್ಕೆ ಇಷ್ಟೆಲ್ಲ?"

ಅತ್ತೆ, ಅಳಿಯ ಒಬ್ಬರ ಮುಖ ಒಬ್ಬರು ನೋಡಿದರು.

"ಗಣಪತಿಯನ್ನು ಕೊಂಡುಹೋಗಲಿಕ್ಕೆ," ಎಂದರು ವೇದವತಿ.

"ಯಾವ ಗಣಪತಿ?"

"ಮನೆಯ ಗಣಪತಿ. ಕಂಚಿನದ್ದು. ನನ್ನ ಅತ್ತೆ ಕಾಸರಗೋಡಿನಿಂದ ತಂದದ್ದು. ಯಜಮಾನರು ಅದನ್ನು ಮ್ಯೂಸಿಯಂಗೆ ಕೊಡ್ತೇನೆ ಅಂತ ಹಟ ಹಿಡಿದಿದ್ದರು. 'ಗಾಜಿನ ಪೆಟ್ಟಿಗೆಯಲ್ಲಿ ಇರಲಿ, ನಾಲ್ಕು ಜನ ನೋಡಲಿ' ಅಂತ. ದಿನಾ ಕೈಮುಗಿಯುವ ದೇವರನ್ನು ಗಾಜಿನೊಳಗೆ ಇಟ್ಟು ನಂಬರು ಅಂಟಿಸಲಿಕ್ಕೆ ಉಂಟಾ ಮೇಡಂ? ಇವನು ಕೊಂಡುಹೋದರೆ ಪೂಜೆ ನಿಲ್ಲುದಿಲ್ಲ. ಅದಕ್ಕೆ ನಾನೇ ಬರಹೇಳಿದ್ದು. ಗಣಪತಿ ಕಾಣೆಯಾದ ದಿನ ಇವನು ಆಕಾಶದಲ್ಲಿ ಇದ್ದ ಅಂತಾದರೆ ಯಜಮಾನರು ಇವನ ಮೇಲೆ ಸಂಶಯ ಪಡುದಿಲ್ಲ ಅಂತ..."

ಅಂದರೆ ಎಂಟು ಸಾವಿರ ಕಿಲೋಮೀಟರಿನ ಈ ಭವ್ಯವಾದ ಸುಳ್ಳನ್ನು ಕಟ್ಟಿದ್ದು ಕೊಲೆಗಲ್ಲ, ಒಂದು ಗೇಣು ಎತ್ತರದ ಗಣಪತಿಗೆ. ಚಂದ್ರಾವತಿ ಕಣ್ಣು ಮುಚ್ಚಿ ತೆರೆದಳು. ಲಂಡನ್ನಿನಲ್ಲಿ ಕೂತು ಇಂಥದ್ದನ್ನು ಯೋಜಿಸಬಲ್ಲ ತಲೆ ತನ್ನ ಜಿಲ್ಲೆಯದ್ದೇ ಆಗಿರಬೇಕು ಎಂದು ಅವಳಿಗೆ ಮೊದಲೇ ಹೊಳೆಯಬೇಕಿತ್ತು.

"ಕಳ್ಳತನಕ್ಕೆ ಅಂಗಾರಕ ಸಂಕಷ್ಟಿಯೇ ಆಗಬೇಕಿತ್ತಾ?" ಎಂದಳು.

"ಆ ದಿನ ನಿವೃತ್ತರ ಸಂಘದ ಸಭೆ ಇತ್ತು, ಮಾವ ಹತ್ತಕ್ಕೆ ಮೊದಲು ಬರುದಿಲ್ಲ," ಎಂದ ಮಹಾಲಿಂಗ. "ನಾವು ಎಂಟೂವರೆಗೆ ಹೋದೆವು. ಹುಡುಗಿಗೆ ಗೊತ್ತಾಗಬಾರದು ಅಂತ ದೀಪ ಹಾಕಲಿಲ್ಲ."

"ಎಂಟೂವರೆಗೆ ಹೋದವರು ಎತ್ತಿಕೊಂಡು ಬರಬಹುದಿತ್ತಲ್ಲ?"

"ಅದು ಹೇಗೆ ಅಕ್ಕ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಚಂದ್ರೋದಯ ಆಗದೆ ಗಣಪತಿಯನ್ನು ಕದಲಿಸಲಿಕ್ಕೆ ಉಂಟಾ?"

ಶ್ರೀನಿಧಿ ಹಣೆ ಹಿಡಿದುಕೊಂಡ. "ಈಗ ಎಲ್ಲಿ ಅದು?"

"ಲಾಡ್ಜಿನಲ್ಲಿ. ಮಂಚದ ಮೇಲೆ. ನಾನು ಕೆಳಗೆ ಮಲಗುದು."

ನಗಬಾರದು ಎಂದು ಚಂದ್ರಾವತಿ ತುಟಿ ಕಚ್ಚಿದಳು. ಮುಖ್ಯವಾದದ್ದು ಇನ್ನೂ ಉಳಿದಿತ್ತು; ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

"ನೀವು ತಾರಸಿಯಲ್ಲಿ ಅರ್ಘ್ಯ ಬಿಡ್ತಾ ಇದ್ದಿರಿ. ವೇದವತಿಯವರು ಎಲ್ಲಿದ್ದರು?"

"ಕೆಳಗೆ, ಅಡುಗೆಮನೆಯಲ್ಲಿ," ಎಂದರು ವೇದವತಿ. "ಅವಲಕ್ಕಿ ಕಲಸುತ್ತಿದ್ದೆ. ಕತ್ತಲೆಯಲ್ಲಿ."

"ದಿನಕರರು ಸಭೆಯಿಂದ ಬೇಗ ಬಂದರು. ತಾರಸಿಯಲ್ಲಿ ಸದ್ದು ಕೇಳಿ ಮೆಟ್ಟಿಲು ಹತ್ತಿದರು. ಆಮೇಲೆ?"



"ಆಮೇಲೆ?" ಎಂದ ಶ್ರೀನಿಧಿ ಮೇಜಿಗೆ ಬಡಿದು.

"ತಳ್ಳಿದ್ದು ನಾನು," ಎಂದ ಮಹಾಲಿಂಗ.

"ನಾನು ತಳ್ಳಿದ್ದು," ಎಂದರು ವೇದವತಿ.

ಎರಡೂ ಮಾತು ಒಂದೇ ಕ್ಷಣದಲ್ಲಿ ಬಂದವು. ಅಳಿಯ ಅತ್ತೆಯ ಕಡೆ ತಿರುಗಿದ. ಅತ್ತೆ ಅಳಿಯನ ಕಡೆ. ಇಬ್ಬರ ಮುಖದಲ್ಲಿಯೂ ಒಂದೇ ಬೆರಗು.

"ಸುಮ್ಮನಿರು ಮಗಾ! ನಿನಗೆ ಹೆಂಡತಿ ಮಕ್ಕಳು ಇದ್ದಾರೆ."

"ಅತ್ತೆ, ನೀವು ಮಾತಾಡಬೇಡಿ. ಸರ್, ಇವರು ಆಗ ಅಡುಗೆಮನೆಯಲ್ಲಿದ್ದರು."

"ಇವನು ಮೇಲೆ ಕಣ್ಣು ಮುಚ್ಚಿ ನಿಂತಿದ್ದ ಸರ್, ಮಂತ್ರ ಹೇಳ್ತಾ."

ಬೆಳಗ್ಗಿನಿಂದ ಆರೋಪಿಯ ಜಾಗಕ್ಕೆ ಎರಡನೆಯ ಹೆಸರೂ ಇಲ್ಲದಿದ್ದ ಇನ್‌ಸ್ಪೆಕ್ಟರನಿಗೆ ಈಗ ಆರೋಪಿಗಳು ಜಾಸ್ತಿಯಾಗಿದ್ದರು. ಅವನು ಬಾಗಿಲು ತೆರೆದು ಪೇದೆಯನ್ನು ಕರೆದ. ಮಲಯಾಳದಲ್ಲಿ ಗಡಗಡನೆ ಏನೇನೋ ಹೇಳಿದ. ಆಮೇಲೆ ಚಂದ್ರಾವತಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಎಂದ:

"ನಿಮ್ಮ ಹುಡುಗಿಯನ್ನು ಕರಕೊಂಡು ಹೋಗಿ ಅಕ್ಕ. ಸಹಿ ಒಂದು ಬೇಕು, ಅಷ್ಟೆ."

ಚಂದ್ರಾವತಿ ಕೂಡಲೇ ಏಳಲಿಲ್ಲ. ಗೆದ್ದವಳ ಸಂಭ್ರಮ ಮೈಯಲ್ಲಿ ಏರುತ್ತಿದ್ದಾಗಲೇ ಒಂದು ಯೋಚನೆ ಅದರ ಕಾಲೆಳೆಯುತ್ತಿತ್ತು. ಅತ್ತೆ ಅಳಿಯನನ್ನು ಉಳಿಸಲು ತಪ್ಪು ಹೊರುತ್ತಿದ್ದಾಳೆ. ಅವನೇ ತಳ್ಳಿದನೆಂದು ನಂಬಿದ್ದಾಳೆ. ಅಳಿಯ ಅತ್ತೆಯನ್ನು ಉಳಿಸಲು ಹೊರುತ್ತಿದ್ದಾನೆ. ಅವಳೇ ತಳ್ಳಿದಳೆಂದು ನಂಬಿದ್ದಾನೆ. ತಾನೇ ತಳ್ಳಿದವರು ಹಾಗೆ ನಂಬುವುದಿಲ್ಲ. ಹಾಗಾದರೆ ಇಬ್ಬರೂ ಅಲ್ಲ.

ದಿನಕರರು ತಾವಾಗಿಯೇ ಜಾರಿರಬಹುದು. ಕತ್ತಲೆ, ವಯಸ್ಸು, ಕಿರಿದಾದ ಮೆಟ್ಟಿಲು. ಇರಬಹುದು. ಅವಳು ಆ ಯೋಚನೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ಬಂದಳು.

ಆಯೇಷಾ ಪಡಸಾಲೆಯಲ್ಲಿ ನಿಂತಿದ್ದಳು. ಎರಡು ದಿನದ ಕಸಿವಿಸಿಗೆ ಕುಗ್ಗಿದ ಮುಖ. ತೋರಿಸಿದಲ್ಲಿ ಸಹಿ ಹಾಕಿದಳು. ಬಿಟ್ಟರು ಎಂದು ನಂಬಿಕೆಯಾದ ಮೇಲೆ ಒಮ್ಮೆಲೇ ಅತ್ತಳು, ಅಳುತ್ತಲೇ ನಕ್ಕಳು.

"ನಿಜವಾ ಆಂಟಿ? ಚಂದ್ರನನ್ನು ನೋಡಿ ಸಿಕ್ಕಿಬಿದ್ದರಾ ಅವರು?"

"ಹೌದು. ಚಂದ್ರನಿಗೆ ಒಂದು ಥ್ಯಾಂಕ್ಸ್ ಹೇಳು."

ಆಯೇಷಾ ಹೇಳಿದ್ದ ಕಥೆ ಚಂದ್ರಾವತಿಗೆ ಬಾಯಿಪಾಠವಾಗಿತ್ತು. ಮಂಗಳವಾರ ಎಂಟರಿಂದ ಹತ್ತೂವರೆವರೆಗೆ ಕಚೇರಿಯ ಮೀಟಿಂಗು, ಕಿವಿಗೆ ಹೆಡ್‌ಫೋನು. ಬಾಗಿಲು ತೆರೆಯಲೇ ಇಲ್ಲ. ಮೀಟಿಂಗು ಮುಗಿಸಿ ಕಸ ಹಾಕಲು ಕೆಳಗಿಳಿದಾಗ ದಿನಕರರನ್ನು ಕಂಡದ್ದು. ಕೋಣೆಯನ್ನು ಚಂದ್ರಾವತಿ ಬೆಳಗ್ಗೆ ನೋಡಿದ್ದಳು. ಒಂದೇ ಕಿಟಕಿ, ಸಮುದ್ರದ ಕಡೆಗೆ. ಪಶ್ಚಿಮಕ್ಕೆ.

ಇಬ್ಬರೂ ಮೆಟ್ಟಿಲಿಳಿದರು. ಬಾದಾಮಿ ಮರದ ಕೆಳಗೆ ಜುಬೈದಾ ಎದ್ದು ನಿಂತಿದ್ದಳು; ಫ್ಲಾಸ್ಕು ಎದೆಗೆ ಒತ್ತಿಕೊಂಡಿತ್ತು.

"ಪಾಪ ಆಂಟಿ, ಅವರನ್ನು ಬೈಯುದೂ ಹೇಗೆ," ಎಂದಳು ಆಯೇಷಾ, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾ. "ಅಂಥಾ ಚಂದ್ರ ಇತ್ತು ಆವತ್ತು. ತೆಂಗಿನಮರದ ಹಿಂದಿನಿಂದ ಏಳುವಾಗ ಕೆಂಪು ಕೆಂಪು, ಇಷ್ಟು ದೊಡ್ಡದು."

ಅವಳು ಎರಡೂ ಕೈಯಲ್ಲಿ ಗಾತ್ರ ತೋರಿಸಿ, ತಾಯಿಯ ಕಡೆ ಓಡಿದಳು.

ಚಂದ್ರಾವತಿ ಕೊನೆಯ ಮೆಟ್ಟಿಲಿನ ಮೇಲೆಯೇ ನಿಂತಳು. ಚಂದ್ರ ಕೆಂಪಾಗಿರುವುದು ಮೂಡಿದ ಕೆಲವು ನಿಮಿಷ ಮಾತ್ರ. ಮೂಡುವುದು ಪೂರ್ವದಲ್ಲಿ. ಆ ಮನೆಯಲ್ಲಿ ಪೂರ್ವಕ್ಕೆ ತೆರೆದದ್ದು ತಾರಸಿ, ಮತ್ತೆ ಆ ಹೊರಮೆಟ್ಟಿಲು.

ಫ್ಲಾಸ್ಕಿನ ಮುಚ್ಚಳ ತೆರೆದು ಜುಬೈದಾ ಮಗಳಿಗೆ ಚಹಾ ಬಗ್ಗಿಸುತ್ತಿದ್ದಳು.

ನಾಲ್ಕೂ ಐವತ್ತಕ್ಕೆ ಆಯೇಷಾ ಬಿಡುಗಡೆಯಾದಳು.